ಮಾಲ್ಗುಡಿಯಿಂದ ಮುಳುಗಡೆಯವರೆಗೆ

ಕಾದಂಬರಿಯೊಂದನ್ನು ಓದಿ ಮುಗಿಸಿ ಕಪಾಟಿನಲ್ಲಿರಿಸಿದ ಎಷ್ಟೋ ವರ್ಷಗಳ ತರುವಾಯ ಅದರ ಕಥೆ ಮರೆತುಹೋಗಬಹುದು, ಪಾತ್ರಗಳ ಹೆಸರುಗಳು ಕಲಸಿಹೋಗಬಹುದು. ಆದರೆ ಆ ಕಥೆ ನಡೆದ ಊರು ಮಾತ್ರ ಅಷ್ಟು ಸುಲಭವಾಗಿ ಅಳಿಸಿಹೋಗುವುದಿಲ್ಲ. ಅಲ್ಲಿಯ ಹೊಳೆ, ಅಲ್ಲಿಯ ಕಾಲುಹಾದಿ, ಯಾರದೋ ಮನೆಯ ಜಗಲಿ, ಜಡಿಮಳೆಯ ಸದ್ದು ಇವೆಲ್ಲ ನಾವೇ ಹೋಗಿ ಇದ್ದುಬಂದ ಸ್ಥಳದಂತೆ ಮನಸ್ಸಿನಲ್ಲಿ ಉಳಿದುಬಿಡುತ್ತವೆ. ಕೆಲವು ಬರಹಗಳಿಗೆ ಮಾತ್ರ ಈ ಶಕ್ತಿ ಇರುತ್ತದೆ. ಇದು ಬರಿಯ ವರ್ಣನೆಯ ಬಲದಿಂದ ಬರುವುದಲ್ಲ ಎಂಬುದು ನಮ್ಮ ಅಭಿಮತ. ಹಾಗಾದರೆ ಎಲ್ಲಿಂದ ಬರುತ್ತದೆ?

ಈ ಪ್ರಶ್ನೆಯನ್ನು ಕುರಿತು ಚಿಂತಿಸಲು ಮೈಸೂರು ಪ್ರಶಸ್ತವಾದ ನಗರ. ನಾವಿರುವ ಕೃಷ್ಣಮೂರ್ತಿಪುರಂನಿಂದ ಕೂಗಳತೆಯ ದೂರದಲ್ಲಿರುವ ಚಾಮುಂಡಿಪುರಂನಲ್ಲಿ ತ್ರಿವೇಣಿಯವರು ಬಾಳಿ ಬರೆದರು. 1928ರಲ್ಲಿ ಜನಿಸಿ 1963ರಲ್ಲಿಯೇ ನಮ್ಮನ್ನಗಲಿದ ಆ ಲೇಖಕಿ ಮಧ್ಯಮ ವರ್ಗದ ಮನೆಗಳ ಒಳಕೋಣೆಯನ್ನು ಕನ್ನಡಕ್ಕೆ ತಂದವರು. ನಗರದ ಇನ್ನೊಂದು ಮಗ್ಗುಲಿಗೆ ಹೋದರೆ ಯಾದವಗಿರಿಯಲ್ಲಿ ಆರ್. ಕೆ. ನಾರಾಯಣರ ಮನೆ, ಕೆಡವಲ್ಪಡುವ ಹಂತಕ್ಕೆ ಬಂದು, ಅಭಿಮಾನಿಗಳ ಕೂಗಿನಿಂದ ಉಳಿದು, 2016ರಿಂದ ವಸ್ತುಸಂಗ್ರಹಾಲಯವಾಗಿರುವ ಮನೆ ಅದು. ಅಲ್ಲಿಂದ ಮುಂದೆ ಒಂಟಿಕೊಪ್ಪಲಿನಲ್ಲಿ ಕುವೆಂಪು ಅವರ 'ಉದಯರವಿ'. ಸೋಜಿಗವೆಂದರೆ, ಇವರ ಪೈಕಿ ಹೆಚ್ಚಿನ ಕೀರ್ತಿ ಗಳಿಸಿದ ಇಬ್ಬರೂ ಮೈಸೂರಿನಲ್ಲಿ ಕುಳಿತು ಬರೆದದ್ದು ಮೈಸೂರಿನ ಮೇಲಲ್ಲ. ಒಬ್ಬರು ಭೂಪಟದಲ್ಲಿಯೇ ಇಲ್ಲದ ಊರೊಂದನ್ನು ಕಟ್ಟಿದರು. ಇನ್ನೊಬ್ಬರು ತಾವು ಬಿಟ್ಟುಬಂದ ಮಲೆನಾಡನ್ನು ಜೀವಮಾನವಿಡೀ ಬರೆದರು. 'ಮೈಸೂರ ಮಲ್ಲಿಗೆ' ಎಂದು 1942ರಲ್ಲಿ ಹೆಸರಿಟ್ಟು ಕವನಗಳನ್ನು ಪ್ರಕಟಿಸಿದ ಕೆ. ಎಸ್. ನರಸಿಂಹಸ್ವಾಮಿಯವರ ಮನಸ್ಸೂ ನೆಲೆಸಿದ್ದು ಕಿಕ್ಕೇರಿಯಂಥ ಹಳ್ಳಿಯ ಬೀದಿಗಳಲ್ಲಿ, ಅತ್ತೆಮಾವಂದಿರ ಮನೆಯ ಹೊಸ್ತಿಲಿನಲ್ಲಿ.

ನಾರಾಯಣರ ಮಾಲ್ಗುಡಿ 1935ರಲ್ಲಿ 'ಸ್ವಾಮಿ ಅಂಡ್ ಫ್ರೆಂಡ್ಸ್' ಕಾದಂಬರಿಯ ಮೂಲಕ ಲೋಕಕ್ಕೆ ಪರಿಚಯವಾಯಿತು. ಸರಯೂ ನದಿ, ಮೆಂಪಿ ಬೆಟ್ಟ, ಲಾಲಿ ಎಕ್ಸ್‌ಟೆನ್ಷನ್ ಎಂಬ ಅಧಿಕಾರಿಗಳ ಬಡಾವಣೆ ಇವುಗಳಲ್ಲಿ ಯಾವುದೂ ನಿಜವಾದುದಲ್ಲ. ಆದರೂ ನಮ್ಮ ಬಡಾವಣೆಯ ಹಳೆಯ ಹೆಂಚಿನ ಮನೆಗಳನ್ನೂ, ಕಾಂಪೌಂಡಿನ ಒಳಗಿನ ತೆಂಗಿನ ಮರಗಳನ್ನೂ, ಸಂಜೆ ಕೋಲು ಹಿಡಿದು ಗಾಳಿಸೇವನೆಗೆ ಹೊರಡುವ ನಿವೃತ್ತ ಗುಮಾಸ್ತರನ್ನೂ ಕಂಡವರಿಗೆ ಲಾಲಿ ಎಕ್ಸ್‌ಟೆನ್ಷನ್ ಅಪರಿಚಿತವೆನಿಸದು. ಮಹಾರಾಜ ಕಾಲೇಜಿನಲ್ಲಿ ಓದಿ, ಈ ರಸ್ತೆಗಳಲ್ಲಿ ದಿನವೂ ಅಲೆದ ಕಣ್ಣು ಕಟ್ಟಿದ ಊರು ಅದು. ಅಲ್ಲಿಯ ಆಲ್ಬರ್ಟ್ ಮಿಷನ್ ಶಾಲೆಯಲ್ಲಿ ಎಬೆನೆಜರ್ ಎಂಬ ಶಾಸ್ತ್ರಪಾಠದ ಮೇಷ್ಟ್ರು ಇದ್ದಾರೆ. ಅನ್ಯರ ದೇವರುಗಳನ್ನು ಹೀಯಾಳಿಸುವುದೇ ಧರ್ಮಬೋಧೆಯೆಂದು ತಿಳಿದಿರುವ ಅವರ ವಿರುದ್ಧ ಬಾಲಕ ಸ್ವಾಮಿಯ ತಂದೆ ಮುಖ್ಯೋಪಾಧ್ಯಾಯರಿಗೆ ಪತ್ರ ಬರೆಯುತ್ತಾರೆ. ನಮ್ಮ ಸಮುದಾಯದವರು ಓದಲೇಬೇಕಾದ ಅಧ್ಯಾಯವದು. ನಗುತ್ತಲೇ ಓದಬಹುದು, ಆದರೆ ಆ ಊರಿನ ಕಣ್ಣಿಗೆ ಕ್ರೈಸ್ತನು ಹೊರಗಿನಿಂದ ಬಂದು ಮೇಜಿನ ಆಚೆ ನಿಂತು ಮಾತಾಡುವವನಾಗಿಯೇ ಕಂಡನೆಂಬುದನ್ನು ಗಮನಿಸದಿರಲಾಗದು.

ಕುವೆಂಪು ಅವರ ವಿಷಯದಲ್ಲಿ ಹೇಳಬೇಕಾದುದು ಹೆಚ್ಚಿದೆ. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಹುಡುಗ ಮೈಸೂರಿಗೆ ಬಂದು ವೆಸ್ಲಿಯನ್ ಮಿಷನ್ ಹೈಸ್ಕೂಲಿಗೆ ಸೇರಿದಾಗ ಆತ ಕವನ ಕಟ್ಟುತ್ತಿದ್ದುದು ಇಂಗ್ಲಿಷಿನಲ್ಲಿ. 1922ರಲ್ಲಿ ಪ್ರಕಟವಾದ ಪ್ರಥಮ ಸಂಕಲನವೂ ಇಂಗ್ಲಿಷಿನದೇ. 1924ರಲ್ಲಿ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಆ ಪದ್ಯಗಳನ್ನು ನೋಡಿ, ತಾಯ್ನುಡಿಯಲ್ಲಿ ಬರೆಯುವಂತೆ ತಿಳಿಹೇಳಿದರು. ಈ ಪ್ರಸಂಗವನ್ನು ಬಲ್ಲವರು ಬಹಳ. ಆದರೆ ಇದೇ ಕಸಿನ್ಸ್ ದಂಪತಿಗಳು ಇಪ್ಪತ್ತು ವರ್ಷಗಳ ಮುಂಚೆ, ಕುವೆಂಪು ಹುಟ್ಟಿದ 1904ನೆಯ ಇಸವಿಯಲ್ಲಿಯೇ, ಡಬ್ಲಿನ್ ನಗರದಲ್ಲಿ ಜೇಮ್ಸ್ ಜಾಯ್ಸ್ ಎಂಬ ಕೈಬರಿದಾದ ತರುಣನಿಗೆ ಕೆಲವು ದಿನ ತಮ್ಮ ಮನೆಯಲ್ಲಿ ಇಂಬು ಕೊಟ್ಟಿದ್ದರೆಂಬುದನ್ನು ನಮ್ಮಲ್ಲಿ ಬಲ್ಲವರು ವಿರಳ. ಜಾಯ್ಸ್ ಅದೇ ವರ್ಷ ಐರ್ಲೆಂಡನ್ನು ತೊರೆದು, ಯೂರೋಪಿನ ಬೇರೆ ಬೇರೆ ನಗರಗಳಲ್ಲಿದ್ದುಕೊಂಡು, ಕೊನೆಯವರೆಗೂ ಬರೆದದ್ದು ಡಬ್ಲಿನ್ನಿನ ಬೀದಿಗಳ ಕಥೆಯನ್ನೇ. ಕುವೆಂಪು ಮೈಸೂರಿನಲ್ಲಿ ಅಧ್ಯಾಪಕರಾಗಿ, ಪ್ರಿನ್ಸಿಪಾಲರಾಗಿ, ಕುಲಪತಿಗಳಾಗಿ ಬಾಳಿಕೊಂಡು, 1936ರಲ್ಲಿ 'ಕಾನೂರು ಹೆಗ್ಗಡಿತಿ'ಯನ್ನೂ 1967ರಲ್ಲಿ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯನ್ನೂ ಕೊಟ್ಟರು. ಊರಿನೊಳಗೇ ಇರುವವನಿಗೆ ಊರು ಕಾಣಿಸುವುದು ಕಷ್ಟವೇನೋ! ಅಗಲಿಕೆಯಿಂದ ನೋಟ ತೀಕ್ಷ್ಣವಾಗುವುದುಂಟು. 1994ರ ನವೆಂಬರ್ 11ರಂದು ಮೈಸೂರಿನಲ್ಲಿ ನಿಧನರಾದ ಕವಿಯ ದೇಹ ಮರಳಿದ್ದು ಕುಪ್ಪಳಿಯ ಕವಿಶೈಲಕ್ಕೆ.

'ಮಲೆಗಳಲ್ಲಿ ಮದುಮಗಳು' ಕಾದಂಬರಿಯಲ್ಲಿಯೂ ಒಬ್ಬ ಪಾದ್ರಿ ಬರುತ್ತಾನೆ. ಹೆಸರು ಜೀವರತ್ನಯ್ಯ. ಹತ್ತೊಂಬತ್ತನೆಯ ಶತಮಾನದ ಕೊನೆಯ ಮಲೆನಾಡಿಗೆ ಆತ ತರುವುದು ಎರಡು ವಸ್ತು: ಮಿಷನ್ನಿನ ಉಪದೇಶ ಮತ್ತು ಒಂದು ಬೈಸಿಕಲ್. ಬೆಟ್ಟಳ್ಳಿಯ ದೇವಯ್ಯನ ಮನಸ್ಸು ಪಾದ್ರಿಯ ಮಾತಿನ ಕಡೆಗೆ ವಾಲುವುದು, ಹಿರಿಯರು ಗಾಬರಿಗೊಳ್ಳುವುದು ಇವೆಲ್ಲ ಕಥೆಯ ಭಾಗ. ಆದರೆ ನಮಗೆ ಬಹುವಾಗಿ ಹಿಡಿಸಿದ್ದು ಆ ಬೈಸಿಕಲ್ಲಿಗೆ ಹಳ್ಳಿಗರು ಕೊಟ್ಟ ಹೆಸರು. ಅವರ ಬಾಯಲ್ಲಿ ಅದು 'ಬೀಸೆಕಲ್ಲು' ಆಗುತ್ತದೆ. ಪರದೇಶದ ಯಂತ್ರವೊಂದು ಘಟ್ಟದ ಹಾದಿಯಲ್ಲಿ ಉರುಳುತ್ತಿದ್ದಂತೆಯೇ ಅಡುಗೆಮನೆಯ ಮೂಲೆಯ ಕಲ್ಲಿನ ಹೆಸರನ್ನು ಪಡೆದುಕೊಳ್ಳುತ್ತದೆ! ಸ್ಥಳವೆಂಬುದು ಕೃತಿಯೊಂದರಲ್ಲಿ ಕೆಲಸಮಾಡುವ ಬಗೆ ಇದು. ಕಾಡು ಬೆಟ್ಟಗಳ ಬಣ್ಣನೆ ಎಷ್ಟೇ ಇರಲಿ, ಹೊರಗಿನಿಂದ ಬಂದುದನ್ನೆಲ್ಲ ತನ್ನ ನಾಲಿಗೆಗೆ ಒಗ್ಗಿಸಿಕೊಳ್ಳುವ ಜನ ಅಲ್ಲಿರಬೇಕು. ಉಪದೇಶಕ್ಕಿಂತ ಮೊದಲು ಬೈಸಿಕಲ್ಲು ಒಳಗೆ ಬಂದಿತೆಂಬುದನ್ನು ನಮ್ಮಂಥ ಧರ್ಮಗುರುಗಳು ತುಸು ವಿನಯದಿಂದ ಒಪ್ಪಿಕೊಳ್ಳಬೇಕು.

ಇಲ್ಲೊಂದು ಮಾತು. ಶಂಕರ್ ನಾಗ್ ಅವರು ಎಂಬತ್ತರ ದಶಕದಲ್ಲಿ 'ಮಾಲ್ಗುಡಿ ಡೇಸ್' ಧಾರಾವಾಹಿಯನ್ನು ಚಿತ್ರೀಕರಿಸಲು ಆಯ್ದುಕೊಂಡ ಊರು ಆಗುಂಬೆ. ಅದು ತೀರ್ಥಹಳ್ಳಿ ತಾಲ್ಲೂಕಿನದೇ, ಕುವೆಂಪು ಅವರ ನೆಲವೇ. ನಾರಾಯಣರ ಕಲ್ಪನೆಯ ಊರು ಕೊನೆಗೆ ಕಣ್ಣಿಗೆ ಕಾಣಿಸಿಕೊಂಡದ್ದು ಕುವೆಂಪು ಬರೆದ ಮಲೆಗಳ ನಡುವೆ.

ಇನ್ನು ನುಡಿಯ ವಿಷಯ. ನಮ್ಮ ಬಡಾವಣೆಯ ಸಮೀಪದ ಚಾಮರಾಜಪುರಂ ನಿಲ್ದಾಣದಲ್ಲಿ ಚಾಮರಾಜನಗರದ ರೈಲು ಹತ್ತಿದರೆ ಅಶೋಕಪುರಂ, ಕಡಕೊಳಗಳನ್ನು ದಾಟಿ ಒಂದು ಗಂಟೆಯೊಳಗೆ ನಂಜನಗೂಡು ಮುಟ್ಟಬಹುದು. ಅಷ್ಟೇ ದೂರ. ಆದರೆ ಆ ನಂಜನಗೂಡು ಸೀಮೆಯ ದೇವನೂರಿನ ಮಹಾದೇವ ಅವರು 'ಕುಸುಮಬಾಲೆ'ಯನ್ನು ಬರೆದಾಗ ಮೈಸೂರಿನ ಎಷ್ಟೋ ವಿದ್ಯಾವಂತ ಓದುಗರು ಅದರ ಕನ್ನಡ ಅರ್ಥವಾಗುವುದಿಲ್ಲವೆಂದು ಪುಸ್ತಕವನ್ನು ಕೆಳಗಿಟ್ಟರು. 1990ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದ ಮೇಲೂ ಆ ದೂರು ನಿಲ್ಲಲಿಲ್ಲ. ನಾವು ಈ ದೂರನ್ನು ಬೇರೆ ರೀತಿಯಲ್ಲಿ ಕೇಳಬಯಸುತ್ತೇವೆ. ಮನೆಗೆಲಸಕ್ಕೆ ಬರುವ ಹೆಂಗಸಿನ ಬಾಯಿಂದ, ಸೊಪ್ಪು ಮಾರುವ ಮುದುಕಿಯ ಬಾಯಿಂದ ದಿನವೂ ಕಿವಿಗೆ ಬೀಳುತ್ತಿದ್ದ ಮಾತು ಅಚ್ಚಿನಲ್ಲಿ ಬಂದೊಡನೆ ಪರಭಾಷೆಯಾದುದು ಏಕೆ? ಕೃಷ್ಣಮೂರ್ತಿಪುರಂಗೆ ತಾಗಿಕೊಂಡಂತೆಯೇ ಇದೆ ಅಶೋಕಪುರಂ. ಆದಿಕರ್ನಾಟಕಪುರವೆಂದು ಹಿಂದೆ ಕರೆಯಿಸಿಕೊಳ್ಳುತ್ತಿದ್ದ, ದಲಿತ ಬಂಧುಗಳ ದೊಡ್ಡ ವಸತಿ ಅದು. ಎರಡು ಪುರಗಳ ನಡುವಿನ ರಸ್ತೆಯನ್ನು ದಾಟಲು ಎರಡು ನಿಮಿಷ ಸಾಕು. ಸಾಹಿತ್ಯದಲ್ಲಿ ಆ ರಸ್ತೆಯನ್ನು ದಾಟಲು ಎಷ್ಟು ಕಾಲ ಹಿಡಿಯಿತೆಂಬುದನ್ನು ಯೋಚಿಸಿ ನೋಡಿ.

'ಕುಸುಮಬಾಲೆ'ಯಲ್ಲಿ ರಾತ್ರಿ ಮನೆಮನೆಯ ದೀಪಗಳು, ಜೋತಮ್ಮಗಳು, ಒಂದೆಡೆ ಕೂಡಿ ತಮ್ಮ ತಮ್ಮ ಮನೆಯ ಸುದ್ದಿಯನ್ನು ಮಾತಾಡಿಕೊಳ್ಳುತ್ತವೆ. ಮೇಲುಜಾತಿಯ ಹೆಣ್ಣನ್ನು ಪ್ರೀತಿಸಿದ ತಪ್ಪಿಗೆ ಕೊಲೆಯಾದ ಚೆನ್ನನ ಸಂಗತಿ ಊರಿನ ಮನುಷ್ಯರ ಬಾಯಲ್ಲಿ ಮುಚ್ಚಿಹೋದರೂ ದೀಪಗಳಿಗೆ ಗೊತ್ತು. ಊರನ್ನು ಊರೇ ನೋಡುತ್ತಿರುತ್ತದೆಂಬ ಅರಿವಿದು. ಮನಃಸಾಕ್ಷಿಯನ್ನು ಕುರಿತು ಗುರುಮಠದಲ್ಲಿ ಹಲವು ವರ್ಷ ಪಾಠ ಕೇಳಿದ ನಮಗೆ, ಆ ಪಾಠಗಳಲ್ಲಿ ಈ ಜೋತಮ್ಮಗಳಷ್ಟು ಸ್ಪಷ್ಟವಾದ ದೃಷ್ಟಾಂತ ದೊರೆತದ್ದು ನೆನಪಿಲ್ಲ.

ಗುರುಮಠದ ಮಾತು ಬಂದುದರಿಂದ ತತ್ವಶಾಸ್ತ್ರದ ಒಂದೆರಡು ಮಾತುಗಳಿಗೆ ಓದುಗರ ಅನುಮತಿ ಬೇಡುತ್ತೇವೆ. ಅರಿಸ್ಟಾಟಲನು ತನ್ನ ಭೌತಶಾಸ್ತ್ರದ ನಾಲ್ಕನೆಯ ಪುಸ್ತಕದಲ್ಲಿ 'ಸ್ಥಳವೆಂದರೇನು?' ಎಂಬ ಪ್ರಶ್ನೆಯನ್ನು ಎತ್ತಿಕೊಂಡಿದ್ದಾನೆ. ಅವನು ಕೊಡುವ ಉತ್ತರದ ಸಾರ ಇಷ್ಟು: ಸ್ಥಳವೆಂಬುದು ವಸ್ತುವಿನ ಭಾಗವಲ್ಲ, ಅದನ್ನು ಸುತ್ತುವರಿದಿರುವುದರ ಒಳ ಅಂಚು. ನೀರಿಗೆ ಕೊಡ ಹೇಗೋ ಹಾಗೆ, ಆದರೆ ಕದಲದ ಕೊಡ. ನೀರನ್ನು ತೆಗೆದರೆ ಅದೇ ಜಾಗಕ್ಕೆ ಗಾಳಿ ಬರುತ್ತದೆ. ನೀರು ಬೇರೆಡೆಗೆ ಹೋಗಿಯೂ ನೀರೇ. ಕಲ್ಲು ಮಣ್ಣುಗಳ ಮಟ್ಟಿಗೆ ಇದು ಸೊಗಸಾದ ವಿವರಣೆ. ಮನುಷ್ಯನ ವಿಷಯದಲ್ಲಿ ಇದು ಸಾಲದು. ಮೂರು ತಲೆಮಾರು ಒಂದೇ ಹೊಳೆಯ ದಂಡೆಯಲ್ಲಿ ಗದ್ದೆ ಮಾಡಿದವನನ್ನು ಎತ್ತಿ ಬೇರೊಂದು ತಾಲ್ಲೂಕಿನ ಬಯಲಿನಲ್ಲಿ ಇಳಿಸಿದರೆ ಅವನು ಹಿಂದಿನವನಾಗಿಯೇ ಉಳಿಯುತ್ತಾನೆಯೇ? ಉಳಿಯುತ್ತಾನೆಂದು ನಂಬುವವರಿದ್ದಾರೆ. ಇಷ್ಟು ಎಕರೆಗೆ ಇಷ್ಟು ಹಣ, ಇಷ್ಟು ಮರಕ್ಕೆ ಇಷ್ಟು ಎಂದು ಪರಿಹಾರದ ಪಟ್ಟಿ ತಯಾರಿಸುವ ಕಚೇರಿಗಳು ತಮಗರಿಯದೆಯೇ ಅರಿಸ್ಟಾಟಲನ ಶಿಷ್ಯರು. ಕೊಡದಿಂದ ಕೊಡಕ್ಕೆ ನೀರು ಸುರಿದಂತೆ ಜನರನ್ನು ಸುರಿಯಬಹುದೆಂಬುದು ಅವರ ಲೆಕ್ಕ.

ಈ ಲೆಕ್ಕ ಎಲ್ಲಿ ತಪ್ಪುತ್ತದೆಂಬುದನ್ನು ಕನ್ನಡದಲ್ಲಿ ಬೇರೆಲ್ಲರಿಗಿಂತ ಹೆಚ್ಚು ತಾಳ್ಮೆಯಿಂದ ಬರೆದವರು ನಮ್ಮವರೇ ಆದ ನಾ. ಡಿಸೋಜ. 1937ರಲ್ಲಿ ಸಾಗರದಲ್ಲಿ ಹುಟ್ಟಿದ ನಾರ್ಬರ್ಟ್ ಡಿಸೋಜ ಅವರು ಲೋಕೋಪಯೋಗಿ ಇಲಾಖೆಯ ನೌಕರರು. ಶರಾವತಿ ಯೋಜನೆಯ ಕೆಲಸ ನಡೆಯುತ್ತಿದ್ದಾಗ ಅಲ್ಲಿಯೇ ಸೇವೆಯಲ್ಲಿದ್ದು, ಅಣೆಕಟ್ಟು ಏಳುವುದನ್ನೂ ಊರುಗಳು ಖಾಲಿಯಾಗುವುದನ್ನೂ ಕಣ್ಣಾರೆ ಕಂಡರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಿತು. ಶರಾವತಿಯ ಎರಡು ದಂಡೆಗಳ ಹಳ್ಳಿಗಳು, ಗದ್ದೆ ತೋಟಗಳು, ಗುಡಿಗಳು ಹಿನ್ನೀರಿನಲ್ಲಿ ಮುಳುಗಿದವು. ಅದಕ್ಕೂ ಮುಂಚೆ ಅದೇ ನದಿಗೆ ಮಡೆನೂರಿನಲ್ಲಿ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟು ಕೂಡ ಹೊಸ ಅಣೆಕಟ್ಟಿನ ನೀರಿನಲ್ಲಿ ಅಡಗಿತು. ಮುಳುಗಿಸಿದ್ದೂ ಮುಳುಗಿತು! ಬಿರುಬೇಸಗೆಯಲ್ಲಿ ನೀರು ತೀರ ಇಳಿದಾಗ ಆ ಹಳೆಯ ಕಟ್ಟೆ ಮೇಲೆ ಕಾಣಿಸಿಕೊಳ್ಳುತ್ತದೆ. ಜನ ನೋಡಲು ಹೋಗುತ್ತಾರೆ.

'ಮುಳುಗಡೆ', 'ಒಡ್ಡು', 'ದ್ವೀಪ' ಎಂಬ ಹೆಸರುಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದರೆ ಸಾಕು, ಈ ಲೇಖಕರ ಎದೆಯನ್ನು ಯಾವ ನೀರು ತುಂಬಿತ್ತೆಂಬುದು ತಿಳಿಯುತ್ತದೆ. 'ದ್ವೀಪ' ಚಿಕ್ಕ ಕಾದಂಬರಿ. ಹಿನ್ನೀರು ಏರುತ್ತಿದೆ, ನೆರೆಹೊರೆಯವರು ಒಬ್ಬೊಬ್ಬರಾಗಿ ಪರಿಹಾರ ಪಡೆದು ಹೊರಟುಹೋಗುತ್ತಿದ್ದಾರೆ, ಗಣಪಯ್ಯ ಮತ್ತು ನಾಗವೇಣಿಯರ ಸಂಸಾರ ಮಾತ್ರ ಸುತ್ತಲೂ ನೀರು ಆವರಿಸಿದ ಗುಡ್ಡದ ಮೇಲೆ ಉಳಿಯುತ್ತದೆ. ಹೊರಗಿನ ನೀರು ಏರಿದಂತೆಲ್ಲ ಮನೆಯೊಳಗಿನ ಸಂಬಂಧಗಳ ನಡುವೆಯೂ ನೀರು ನಿಲ್ಲುತ್ತದೆ. ನೆರೆಯವರಿದ್ದಾಗ ಮನುಷ್ಯನು ಎಷ್ಟೊಂದು ವಿಷಯಗಳಲ್ಲಿ ಅವರನ್ನು ನಂಬಿ ಬದುಕಿರುತ್ತಾನೆ, ಅವರು ಹೋದ ಮೇಲೆ ತನ್ನ ಹೆಂಡತಿಯ ಮೇಲಿನ ನಂಬಿಕೆಯೂ ಹೇಗೆ ಅಲುಗಾಡುತ್ತದೆ ಎಂಬುದನ್ನು ಡಿಸೋಜ ಅವರು ಏರುದನಿಯಿಲ್ಲದೆ ತೋರಿಸುತ್ತಾರೆ. ಯಾವ ಅಧಿಕಾರಿಯನ್ನೂ ರಾಕ್ಷಸನನ್ನಾಗಿ ಚಿತ್ರಿಸಿಲ್ಲ. ಸ್ವತಃ ಆ ಇಲಾಖೆಯ ನೌಕರರಾಗಿದ್ದವರಿಗೆ, ಕಡತ ಹಿಡಿದು ಬರುವವನೂ ಸಂಬಳಕ್ಕೆ ದುಡಿಯುವ ಮನುಷ್ಯನೇ ಎಂಬುದು ತಿಳಿದಿತ್ತು. ಗಿರೀಶ್ ಕಾಸರವಳ್ಳಿಯವರು ಇದನ್ನು ಚಲನಚಿತ್ರವಾಗಿಸಿದರು. ಅದು ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯನ್ನೂ ಪಡೆಯಿತು. ಚಿತ್ರ ನೋಡಿದವರು ಕಾದಂಬರಿಯನ್ನೂ ಓದಬೇಕೆಂದು ನಮ್ಮ ಸಲಹೆ. ಕೊನೆ ಏನಾಗುತ್ತದೆಂಬುದನ್ನು ನಾವು ಹೇಳುವುದಿಲ್ಲ.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಮಾಲ್ಗುಡಿಯಲ್ಲಿ ಕ್ರೈಸ್ತನು ಮೇಷ್ಟ್ರಾಗಿ ಬಂದ; ಕುವೆಂಪು ಅವರ ಮಲೆಗಳಲ್ಲಿ ಬೈಸಿಕಲ್ ಏರಿ ಬಂದ. ಡಿಸೋಜ ಅವರಲ್ಲಿ ಅವನು ಬರುವುದಿಲ್ಲ, ಇದ್ದಾನೆ. ಕರಾವಳಿಯಿಂದ ಘಟ್ಟ ಹತ್ತಿ ಬಂದು, ಮನೆಯೊಳಗೆ ಕೊಂಕಣಿ, ಅಂಗಳದಾಚೆ ಕನ್ನಡ ಮಾತಾಡುತ್ತ, ಅದೇ ಮಳೆಯಲ್ಲಿ ನೆನೆದು ಬಾಳಿದ ಕುಟುಂಬಗಳ ಕಥೆಯನ್ನು ಅವರು ಬರೆದಿದ್ದಾರೆ. 'ಇಗರ್ಜಿಯ ಸುತ್ತಲಿನ ಹತ್ತು ಮನೆಗಳು' ಎಂಬ ಕಾದಂಬರಿಯ ಹೆಸರೇ ಒಂದು ಊರಿನ ನಕಾಶೆ. ಆದರೆ ತಮ್ಮ ಹೆಸರಿಗೆ ಖ್ಯಾತಿ ತಂದ 'ದ್ವೀಪ'ದಲ್ಲಿ ಅವರು ಬರೆದದ್ದು ನೆರೆಯ ಹಿಂದೂ ಕೃಷಿಕನ ಸಂಕಟವನ್ನು, ಆ ಮನೆಯ ಅಡುಗೆಮನೆಯನ್ನು, ಆ ಮನೆಯ ದೇವರನ್ನು. ಎಬೆನೆಜರ್ ಮೇಷ್ಟ್ರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನಮ್ಮ ಸಮುದಾಯದಿಂದ ಹೋಗಿಲ್ಲವೆಂದರೆ ಅತ್ಯುಕ್ತಿಯಾಗದು. ನೆರೆಯವನ ದುಃಖವನ್ನು ತನ್ನದೇ ನುಡಿಯಲ್ಲಿ ಹೇಳಬಲ್ಲವನು ಆ ನೆಲದವನು. ಅದಕ್ಕೆ ಬೇರೆ ದಾಖಲೆ ಬೇಕಿಲ್ಲ. 2014ರ ಜನವರಿಯಲ್ಲಿ ಮಡಿಕೇರಿಯಲ್ಲಿ ನಡೆದ 80ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವನ್ನು ನಾಡು ಅವರಿಗೆ ನೀಡಿತು. ಅದಕ್ಕೆ ಮೊದಲು, 2011ರಲ್ಲಿ, ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಅವರಿಗೆ ಸಂದಿತ್ತು. ಮಕ್ಕಳಿಗಾಗಿ ಬರೆದ ಆ ಪುಸ್ತಕದ ಹೆಸರೂ 'ಮುಳುಗಡೆಯ ಊರಿಗೆ ಬಂದವರು'. ಮಕ್ಕಳಿಗೆ ಕಥೆ ಹೇಳುವಾಗಲೂ ಅವರು ಆ ನೀರಿನ ಬಳಿಗೇ ಹೋದರು.

ಸಾಗರವೆಲ್ಲಿ, ಕೃಷ್ಣಮೂರ್ತಿಪುರಂ ಎಲ್ಲಿ ಎಂದು ಓದುಗರು ಕೇಳಬಹುದು. ಸಂಬಂಧವಿದೆ. ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವಾಟ್. ಬಹುಕಾಲ ಈ ರಾಜ್ಯದ ಮನೆಗಳ ದೀಪ, ಕಾರ್ಖಾನೆಗಳ ಯಂತ್ರ ಇವುಗಳಿಗೆ ಮುಖ್ಯ ಆಧಾರ ಆ ನದಿಯೇ ಆಗಿತ್ತು. ನಮ್ಮ ಬಡಾವಣೆಯ ಮಕ್ಕಳು ಪರೀಕ್ಷೆಗೆ ಓದಿದ್ದು, ನಾವು ಪೂಜೆಯ ಪುಸ್ತಕ ತೆರೆದದ್ದು, ಕಾದಂಬರಿ ಹಿಡಿದು ಕುಳಿತದ್ದು ಆ ಬೆಳಕಿನಲ್ಲಿಯೇ. ನಾವು ಕುಡಿಯುವ ಕಾವೇರಿಯ ನೀರಿನ ಹಿಂದೆಯೂ ಒಂದು ಮುಳುಗಿದ ಊರಿದೆ: ಕೃಷ್ಣರಾಜಸಾಗರದ ತಳದ ಹಳೆಯ ಕನ್ನಂಬಾಡಿ. ಬೃಂದಾವನದ ಕಾರಂಜಿಗಳನ್ನು ನೋಡಲು ಬಂದ ನೆಂಟರಿಗೆ ಆ ಹೆಸರನ್ನು ಹೇಳುವವರು ಎಷ್ಟು ಮಂದಿ? ಅಣೆಕಟ್ಟುಗಳು ಬೇಡವಾಗಿದ್ದವೆಂದು ನಾವು ಹೇಳುತ್ತಿಲ್ಲ. ಹಾಗೆ ಹೇಳುವುದು ದೀಪದಡಿ ಕುಳಿತವನಿಗೆ ಬಲು ಅಗ್ಗದ ಮಾತಾದೀತು. ಆದರೆ ಬೆಳಕಿಗೆ ತೆತ್ತ ಬೆಲೆಯ ಚೀಟಿ ಕಚೇರಿಯ ಕಡತಗಳಲ್ಲಿ ಸಿಗುವುದಿಲ್ಲ. 'ದ್ವೀಪ'ದಂಥ ಪುಸ್ತಕಗಳಲ್ಲಿ ಸಿಗುತ್ತದೆ. ಶರಾವತಿಯ ಸಂತ್ರಸ್ತರಲ್ಲಿ ಹಲವರ ಭೂಮಿಯ ಹಕ್ಕಿನ ತಗಾದೆ ಆರು ದಶಕಗಳ ಮೇಲೂ ಬಗೆಹರಿದಿಲ್ಲವೆಂಬುದು, ಈ ಪುಸ್ತಕವನ್ನು ಹಳೆಯ ಕಥೆಯೆಂದು ಬದಿಗಿಡದಂತೆ ಮಾಡುತ್ತದೆ.

ನಮ್ಮ ಸುತ್ತಲಿನ ಊರೂ ಕಣ್ಣೆದುರೇ ಬದಲಾಗುತ್ತಿದೆ. ಹೆಂಚಿನ ಮನೆಗಳು ಒಂದೊಂದಾಗಿ ಇಳಿದು ಅಂತಸ್ತಿನ ಮನೆಗಳು ಏಳುತ್ತಿವೆ. ನಂಜನಗೂಡು ರಸ್ತೆಯ ಬದಿಯ ವೀಳ್ಯದೆಲೆ ತೋಟಗಳು ಕಿರಿದಾಗುತ್ತ ಬಂದಿವೆ. ಇದೇನೂ ಮುಳುಗಡೆಯಲ್ಲ, ಯಾರನ್ನೂ ಯಾರೂ ಎಬ್ಬಿಸಿ ಕಳುಹಿಸುತ್ತಿಲ್ಲ. ಆದರೂ ಈ ರಸ್ತೆಗಳ ಬಗೆಗೆ, ರಸ್ತೆಯಾಚೆಯ ಅಶೋಕಪುರಂ ಬಗೆಗೆ, ಅಲ್ಲಿಂದ ಇಲ್ಲಿಗೆ ಮುಂಜಾನೆ ನಡೆದು ಬರುವವರ ಬಗೆಗೆ ಬರೆಯಬಲ್ಲ ಒಬ್ಬ ಹುಡುಗಿಯೋ ಹುಡುಗನೋ ನಮ್ಮ ನಡುವೆ ಈಗ ಶಾಲೆಗೆ ಹೋಗುತ್ತಿರಬಹುದು. ಅಂಥವರು ಸಿಕ್ಕಿದರೆ, ಕಸಿನ್ಸ್ ಮಾಡಿದಂತೆ, ಒಂದು ಮಾತು ಹೇಳುವ ಹಿರಿಯರು ಹತ್ತಿರದಲ್ಲಿರಲಿ. ಯೇಸುಸ್ವಾಮಿಯ ಸಾಮತಿಗಳೂ ಗಲಿಲೇಯದ ಹೊಲ, ಬಲೆ, ಹಿಟ್ಟು, ಹುಳಿಗಳಿಂದಲೇ ಹುಟ್ಟಿದವು. ಜೆರುಸಲೇಮಿನ ಪಂಡಿತರ ಭಾಷೆಯಿಂದಲ್ಲ.

ನಾ. ಡಿಸೋಜ ಅವರು 2025ರ ಜನವರಿ 5ರಂದು ನಿಧನರಾದರು. ಲಿಂಗನಮಕ್ಕಿಯ ಹಿನ್ನೀರು ನಾಡಿನಿಂದ ಬೇರ್ಪಡಿಸಿದ್ದ ತುಮರಿ ಭಾಗದ ಜನ ಅಲ್ಲಿಯವರೆಗೂ ಸಾಗರಕ್ಕೆ ಬರಬೇಕಾದರೆ ಲಾಂಚಿಗಾಗಿ ದಡದಲ್ಲಿ ಕಾಯುತ್ತಿದ್ದರು. ಹೊತ್ತು ಮೀರಿದ ಮೇಲೆ ಹೆರಿಗೆಯ ನೋವು ಬಂದರೂ, ಹಾವು ಕಚ್ಚಿದರೂ ಆಚೆ ದಡ ಸೇರುವುದು ಬಲು ಕಷ್ಟವಾಗಿತ್ತು. ಅದೇ ವರ್ಷದ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ನಡುವೆ ಎರಡು ಕಿಲೋಮೀಟರಿಗೂ ಉದ್ದನೆಯ ಸೇತುವೆ ಸಂಚಾರಕ್ಕೆ ತೆರೆಯಿತು. ಈಗ ಬಸ್ಸುಗಳು ಹಿನ್ನೀರಿನ ಮೇಲೆ ಹಾದುಹೋಗುತ್ತವೆ. ಕಿಟಕಿಯ ಬಳಿ ಕುಳಿತ ಮುದುಕರು ಕೆಳಗಿನ ನೀರನ್ನು ತೋರಿಸಿ ಅಲ್ಲಿದ್ದ ಊರುಗಳ ಹೆಸರನ್ನು ಮೊಮ್ಮಕ್ಕಳಿಗೆ ಹೇಳಬಹುದು.